ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದ ಯುವಜನರಿಗೆ ಆಶಾವಾದವನ್ನು ಕಲಿಸಲು ಸಾಧ್ಯವೇ?

ಪ್ರಶ್ನೆ ಕೇಳಿದವರು: ಸಂಜೆತರಗತಿ

ಎಲ್ಲರಿಗೂ ನಮಸ್ಕಾರ. ಮನೆಯವರ ಹೊಡೆತ, ಅವಮಾನ, ಲೈಂಗಿಕ ದೌರ್ಜನ್ಯ ಅಥವಾ ವರ್ಷಗಟ್ಟಲೆ ನಡೆದ ನಿರ್ಲಕ್ಷ್ಯದ ಕಾರಣದಿಂದ ಮನೆ ಬಿಟ್ಟು ಬಂದು, ಈಗ ಆಶ್ರಯ ಸಂಸ್ಥೆಯೊಂದರಲ್ಲಿರುವ ಹದಿಹರೆಯದವರಿಗೆ ನಾನು ಸಂಜೆ ಹೊತ್ತು ಪಾಠ ಹೇಳಿಕೊಡುತ್ತೇನೆ. ನಾನು ಗಣಿತದ ಶಿಕ್ಷಕಿ, ಮನೋವಿಜ್ಞಾನ ಓದಿದವಳಲ್ಲ. ಆದ್ದರಿಂದ ತಿಳಿದವರು ಸ್ವಲ್ಪ ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ನನ್ನ ತರಗತಿಯ ಇಬ್ಬರ ಬಗ್ಗೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಹೇಳುತ್ತೇನೆ. ಹುಡುಗಿಯೊಬ್ಬಳಿದ್ದಾಳೆ. ಏನು ಕೇಳಿದರೂ "ಎಲ್ಲಾ ಒಳ್ಳೆಯದೇ ಆಗುತ್ತೆ ಮೇಡಂ" ಎನ್ನುತ್ತಾಳೆ. ಪರೀಕ್ಷೆಗೆ ಓದಿದ್ದಾಗಲೂ ಅದೇ ಮಾತು, ಪುಸ್ತಕ ತೆರೆಯದಿದ್ದಾಗಲೂ ಅದೇ ಮಾತು. ಇನ್ನೊಬ್ಬ ಹುಡುಗ ಲೆಕ್ಕದಲ್ಲಿ ಬಹಳ ಚುರುಕು. ಸಂಸ್ಥೆಗೆ ಬಂದು ಎಷ್ಟೋ ಕಾಲವಾದರೂ ಅವನು ತನ್ನ ಬಟ್ಟೆಗಳನ್ನು ಕಪಾಟಿನಲ್ಲಿ ಇಡುವುದಿಲ್ಲ. ಒಗೆದು, ಒಣಗಿಸಿ, ಮಡಿಸಿ ಮತ್ತೆ ಚೀಲಕ್ಕೇ ತುಂಬಿ, ಜಿಪ್ ಎಳೆದು ಮಂಚದ ಕೆಳಗೆ ತಳ್ಳುತ್ತಾನೆ. ಮುಂದಿನ ವರ್ಷದ ಕೋರ್ಸಿಗೆ ಅರ್ಜಿ ತುಂಬೋಣ ಎಂದು ಕೂರಿಸಿದರೆ, "ಅಷ್ಟು ಹೊತ್ತಿಗೆ ಏನಾಗಿರುತ್ತೋ ಯಾರಿಗೆ ಗೊತ್ತು" ಎಂದು ಪೆನ್ನು ಕೆಳಗಿಡುತ್ತಾನೆ.

ಸಂಸ್ಥೆಯವರು ಈಗ ಆಶಾವಾದ ಬೆಳೆಸುವ ಕಾರ್ಯಕ್ರಮವೊಂದನ್ನು ಆರಂಭಿಸುತ್ತಿದ್ದಾರೆ. ವಾರಕ್ಕೊಂದು ಪ್ರೇರಣೆಯ ಭಾಷಣ, ಗೋಡೆಗಳಿಗೆ ಸುಭಾಷಿತಗಳು, ಮೊದಲಿಗೊಮ್ಮೆ ಕೊನೆಗೊಮ್ಮೆ ಒಂದು ಪ್ರಶ್ನಾವಳಿ. ನಡೆಸಿಕೊಡುವ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. ಒಪ್ಪಿಕೊಳ್ಳುವ ಮೊದಲು ನನಗೆ ಕೆಲವು ವಿಷಯ ತಿಳಿಯಬೇಕಾಗಿದೆ. ಇಂಥ ಬಾಲ್ಯವನ್ನು ಕಂಡವರಲ್ಲಿ ಆಶಾವಾದ ನಿಜವಾಗಿಯೂ ಕಡಿಮೆ ಇರುತ್ತದೆಯೇ? ಆ ಹುಡುಗಿಯದ್ದು ಆಶಾವಾದವೇ ಅಥವಾ ನೋವನ್ನು ಮುಚ್ಚಿಡುವ ಪರದೆಯೇ? ಆ ಹುಡುಗನಿಗೆ ಭಾಷಣದಿಂದ ಏನಾದರೂ ಪ್ರಯೋಜನವಾದೀತೇ, ಅಥವಾ ಅವನು ಇನ್ನಷ್ಟು ದೂರ ಸರಿಯುತ್ತಾನೆಯೇ?

ಉತ್ತರ 1: ನಿಧಾನಗತಿ

ಸಂಜೆತರಗತಿ ಮೇಡಂ ಅವರೇ, ನಾನು ಆಪ್ತಸಮಾಲೋಚಕನಾಗಿ ಹೆಚ್ಚಾಗಿ ಇದೇ ವಯಸ್ಸಿನವರೊಂದಿಗೆ ಕೆಲಸ ಮಾಡುತ್ತೇನೆ. ಆ ಇಬ್ಬರನ್ನು ನೋಡದೆ ಅವರ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ. ಆದರೆ ನೀವು ಎತ್ತಿರುವ ವಿಷಯದ ಬಗ್ಗೆ ಸಾಕಷ್ಟು ತಿಳಿವಳಿಕೆ ಇದೆ, ಅದನ್ನು ಹೇಳಬಲ್ಲೆ.

ಮನೋವಿಜ್ಞಾನದಲ್ಲಿ ಆಶಾವಾದ ಎಂದರೆ ಹಸನ್ಮುಖವಲ್ಲ, ಉತ್ಸಾಹವೂ ಅಲ್ಲ. ಮೈಕೇಲ್ ಶಯರ್ ಮತ್ತು ಚಾರ್ಲ್ಸ್ ಕಾರ್ವರ್ 1985ರಲ್ಲಿ ಇದನ್ನು ಒಂದು ನಿರೀಕ್ಷೆಯಾಗಿ ವಿವರಿಸಿದರು. ಮುಂದೆ ನನಗೆ ಒಟ್ಟಾರೆ ಒಳ್ಳೆಯದಾಗುವ ಸಂಭವ ಹೆಚ್ಚು ಎಂದು ಎಣಿಸುವವರು ಅಡ್ಡಿ ಬಂದಾಗ ಪ್ರಯತ್ನ ಮುಂದುವರಿಸುತ್ತಾರೆ, ಹಾಗೆ ಎಣಿಸದವರು ಬೇಗ ಕೈಬಿಡುತ್ತಾರೆ ಎಂಬುದು ಅವರ ವಾದ. ಈ ನಿರೀಕ್ಷೆ ಎಲ್ಲಿಂದ ಬರುತ್ತದೆ? ಸ್ವೀಡನ್ನಿನ ಅವಳಿಗಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವು ಜನರ ನಡುವಿನ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇಕಡಾ 25 ಎಂದು ಅಂದಾಜು ಮಾಡಿತು. ಉಳಿದ ದೊಡ್ಡ ಪಾಲು ಬದುಕಿನ ಅನುಭವಕ್ಕೆ ಸೇರಿದ್ದು. ಮೊದಲ ವರ್ಷಗಳಲ್ಲಿ ಹಸಿವಾಗಿ ಅತ್ತಾಗ ಯಾರಾದರೂ ಬಂದರೇ, ಬಿದ್ದಾಗ ಎತ್ತಿದರೇ, ಹೇಳಿದ ಮಾತು ನಡೆಯಿತೇ ಎಂಬಂತಹ ಸಾವಿರಾರು ಸಣ್ಣ ಸಂಗತಿಗಳಿಂದ ಮಗು ಜಗತ್ತಿನ ಬಗ್ಗೆ ಒಂದು ಅಂದಾಜು ಕಟ್ಟಿಕೊಳ್ಳುತ್ತದೆ. ಎರಿಕ್ ಎರಿಕ್ಸನ್ ಅವರು ಶೈಶವದ ಮುಖ್ಯ ಪ್ರಶ್ನೆಯೇ ನಂಬಿಕೆ ಮತ್ತು ಅಪನಂಬಿಕೆಯ ನಡುವಿನದ್ದು ಎಂದದ್ದೂ, ಆ ಹಂತವನ್ನು ಚೆನ್ನಾಗಿ ದಾಟಿದ ಮಗುವಿಗೆ ದಕ್ಕುವ ಗುಣ ಭರವಸೆ ಎಂದದ್ದೂ ಇದೇ ಅರ್ಥದಲ್ಲಿ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರನ್ನು ಗುಂಪಾಗಿ ನೋಡಿದರೆ ಮುಂದಿನ ಬದುಕಿನ ಬಗೆಗಿನ ನಿರೀಕ್ಷೆ ಸರಾಸರಿಯಲ್ಲಿ ಕೆಳಗಿರುತ್ತದೆ. ಆದರೆ ಅದು ಸರಾಸರಿ ಮಾತ್ರ. ಒಬ್ಬೊಬ್ಬರಲ್ಲಿ ಹೇಗಿರುತ್ತದೆ ಎಂಬುದು ಬೇರೆಯೇ ವಿಷಯ.

ನಿಮ್ಮ ಆ ಹುಡುಗನ ವಿಚಾರದಲ್ಲಿ ಒಂದು ಪ್ರಯೋಗ ನೆನಪಿಗೆ ಬರುತ್ತದೆ. ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಮೂರರಿಂದ ಐದು ವರ್ಷದ 28 ಮಕ್ಕಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ್ದು. ಮಗುವಿಗೆ ಚಿತ್ರ ಬರೆಯಲು ಹಳೆಯ ಕ್ರೇಯಾನ್‌ಗಳನ್ನು ಕೊಟ್ಟು, "ಸ್ವಲ್ಪ ಕಾದರೆ ಇದಕ್ಕಿಂತ ಒಳ್ಳೆಯದನ್ನು ತಂದುಕೊಡುತ್ತೇನೆ" ಎಂದು ಪ್ರಯೋಗ ನಡೆಸುವವರು ಹೊರಗೆ ಹೋಗುತ್ತಾರೆ. ಅರ್ಧದಷ್ಟು ಮಕ್ಕಳಿಗೆ ಒಳ್ಳೆಯ ಸಾಮಗ್ರಿ ನಿಜವಾಗಿಯೂ ಬರುತ್ತದೆ. ಉಳಿದವರ ಬಳಿಗೆ ಅವರು ಬರಿಗೈಯಲ್ಲಿ ಮರಳಿ, ಇರಲಿಲ್ಲ ಎಂದು ಹೇಳುತ್ತಾರೆ. ಅನಂತರ ಸ್ಟಿಕ್ಕರ್‌ಗಳ ವಿಷಯದಲ್ಲೂ ಹೀಗೆಯೇ. ಇದಾದ ಮೇಲೆ ಮಗುವಿನ ಮುಂದೆ ಒಂದು ಸಿಹಿಯನ್ನು ಇಟ್ಟು, ಇದನ್ನು ತಿನ್ನದೆ ಕಾದರೆ ಎರಡು ಸಿಗುತ್ತದೆ ಎನ್ನುತ್ತಾರೆ. ಮಾತು ಉಳಿಸಿಕೊಂಡ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದ ಗುಂಪಿನವರು ಸುಮಾರು 3 ನಿಮಿಷ. ಎರಡನೆಯ ಗುಂಪಿನ ಮಕ್ಕಳಲ್ಲಿ ತಾಳ್ಮೆ ಇರಲಿಲ್ಲ ಎಂದು ಹೇಳಲಾಗದು. ಎರಡು ಬಾರಿ ಕೈಕೊಟ್ಟ ದೊಡ್ಡವರು ಮೂರನೆಯ ಬಾರಿಯೂ ಕೈಕೊಡಬಹುದೆಂದು ಎಣಿಸಿದ್ದು ಸರಿಯಾದ ಲೆಕ್ಕ. ನೀವು ಗಣಿತದವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಗಂಟೆಯೊಳಗೆ ಅಪರಿಚಿತರೊಬ್ಬರು ಎರಡು ಬಾರಿ ಮಾತು ತಪ್ಪಿದ್ದಕ್ಕೇ ಇಷ್ಟು ವ್ಯತ್ಯಾಸವಾದರೆ, ಹತ್ತು ಹದಿನೈದು ವರ್ಷ ತನ್ನವರೇ ಮಾತು ತಪ್ಪಿದ ಹುಡುಗ ಚೀಲವನ್ನು ತುಂಬಿಟ್ಟುಕೊಂಡಿರುವುದರಲ್ಲಿ ಆಶ್ಚರ್ಯವೇನಿದೆ?

ಇದೇ ಬಗೆಯ ಇನ್ನೊಂದು ಸಂಗತಿಯನ್ನು ಸೆತ್ ಪೊಲಾಕ್ ಅವರ ಅಧ್ಯಯನಗಳು ತೋರಿಸಿವೆ. ಹೊಡೆತ ತಿಂದು ಬೆಳೆದ ಮಕ್ಕಳು ಮಸುಕಾದ ಮುಖಚಿತ್ರದಲ್ಲಿ ಕೋಪದ ಸುಳಿವನ್ನು ಇತರ ಮಕ್ಕಳಿಗಿಂತ ಬೇಗ ಗುರುತಿಸುತ್ತಾರೆ. ಅಂಥ ಮನೆಯಲ್ಲಿ ಅದು ಮೈ ಕಾಯುವ ಕೌಶಲ. ಸುರಕ್ಷಿತವಾದ ಜಾಗಕ್ಕೆ ಬಂದ ಮೇಲೂ ಅದು ಹಾಗೆಯೇ ಉಳಿಯುವುದರಿಂದ, ಮೇಷ್ಟ್ರು ಹುಬ್ಬು ಗಂಟಿಕ್ಕಿದರೂ ಅವರಿಗೆ ಅಪಾಯದ ಮುನ್ಸೂಚನೆ ಕಾಣುತ್ತದೆ. ಅವರ ನಿರಾಶಾವಾದವನ್ನು ನಾನು ರೋಗವೆಂದು ನೋಡುವುದಿಲ್ಲ. ಅದು ಹಳೆಯ ಜಾಗದಲ್ಲಿ ಸರಿಯಾಗಿದ್ದ, ಹೊಸ ಜಾಗಕ್ಕೆ ಇನ್ನೂ ಒಗ್ಗದ ಅಂದಾಜು. ಇಂಥ ಅಂದಾಜು ಭಾಷಣದಿಂದ ಬದಲಾಗುವುದಿಲ್ಲ, ವಿರುದ್ಧವಾದ ಅನುಭವ ಮತ್ತೆ ಮತ್ತೆ ಸಿಕ್ಕಾಗ ಮಾತ್ರ ಬದಲಾಗುತ್ತದೆ.

ಇನ್ನು ಆ ಹುಡುಗಿ. ಗೇಬ್ರಿಯೆಲ್ ಓಟಿಂಗೆನ್ ಅವರು ನಿರೀಕ್ಷೆ ಮತ್ತು ಹಗಲುಗನಸುಗಳನ್ನು ಬೇರ್ಪಡಿಸಿ ನೋಡಿದ್ದಾರೆ. ತೂಕ ಇಳಿಸುವ ಕಾರ್ಯಕ್ರಮವೊಂದಕ್ಕೆ ಸೇರಿದ್ದ ಮಹಿಳೆಯರ ಬಗ್ಗೆ ಅವರು ಸಹೋದ್ಯೋಗಿಯೊಬ್ಬರೊಂದಿಗೆ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತನ್ನಿಂದ ಸಾಧ್ಯವಾಗುತ್ತದೆ ಎಂದು ನಿರೀಕ್ಷಿಸಿದವರ ತೂಕ ಹೆಚ್ಚು ಇಳಿದಿತ್ತು. ಎಲ್ಲವೂ ಸುಲಭವಾಗಿ ನಡೆದುಹೋದಂತೆ ಸವಿಗನಸು ಕಂಡವರದ್ದು ಕಡಿಮೆ ಇಳಿದಿತ್ತು. ಅವಳ ಮಾತಿನ ಹಿಂದೆ ಯಾವುದಿದೆ ಎಂದು ತಿಳಿಯುವ ದಾರಿ ಸರಳವಾಗಿದೆ. "ಒಳ್ಳೆಯದಾಗುತ್ತದೆ ಎಂದೆಯಲ್ಲ, ಅದಕ್ಕೆ ಮೊದಲು ಏನೇನು ಆಗಬೇಕು? ನಡುವೆ ಎಲ್ಲಿ ತೊಡಕಾಗಬಹುದು?" ಎಂದು ಮೆದುವಾಗಿ ಕೇಳಿ ನೋಡಿ. ಉತ್ತರ ಹುಡುಕುತ್ತಾ ಕುಳಿತರೆ ಅದು ಕೆಲಸಕ್ಕೆ ಬರುವ ಆಶಾವಾದ. ನಗು ತಟ್ಟನೆ ಮಾಯವಾದರೆ ಅಥವಾ ಮಾತು ಬದಲಿಸಿದರೆ, ದೊಡ್ಡವರ ಮನಸ್ಸು ಕೆಡದಂತೆ ನೋಡಿಕೊಳ್ಳುವುದನ್ನು ಅವಳು ಬಹಳ ಹಿಂದೆಯೇ ಕಲಿತಿರಬಹುದು. ಆಗ ಆ ಪರದೆಯನ್ನು ಎಳೆದುಹಾಕಲು ಹೋಗಬೇಡಿ. ಅದು ಅವಳಿಗೆ ಇನ್ನೂ ಬೇಕಾಗಿದೆ.

ಉತ್ತರ 2: ಅಂಕಿಸಾಲು

ನಿಧಾನಗತಿಯವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಒಂದೆರಡು ಎಚ್ಚರಿಕೆಗಳನ್ನು ಸೇರಿಸಬೇಕೆನಿಸಿತು, ಏಕೆಂದರೆ ಈ ಕ್ಷೇತ್ರದಲ್ಲಿ "ಬಾಲ್ಯ ಹಾಳಾದರೆ ಬದುಕು ಹಾಳು" ಎಂಬ ಮಾತು ಎಷ್ಟು ಸುಲಭವಾಗಿ ಹರಡುತ್ತದೆಯೋ, "ಆಶಾವಾದಿಯಾಗಿದ್ದರೆ ಎಲ್ಲವನ್ನೂ ಗೆಲ್ಲಬಹುದು" ಎಂಬುದೂ ಅಷ್ಟೇ ಸುಲಭವಾಗಿ ಹರಡುತ್ತದೆ.

ಬಾಲ್ಯದ ದೌರ್ಜನ್ಯ ಮತ್ತು ಆಶಾವಾದದ ಸಂಬಂಧವನ್ನು ನೋಡುವ ಹಲವು ಅಧ್ಯಯನಗಳು ಯುವಜನರಿಗೆ ಒಂದೇ ಸಲ ಎರಡು ಪ್ರಶ್ನಾವಳಿ ಕೊಟ್ಟು, ಬಾಲ್ಯದಲ್ಲಿ ಏನಾಯಿತು ಮತ್ತು ಈಗ ನಿಮ್ಮ ನಿರೀಕ್ಷೆ ಏನು ಎಂದು ಕೇಳುತ್ತವೆ. ಇವತ್ತು ಮನಸ್ಸು ಕುಗ್ಗಿರುವವರಿಗೆ ಹಿಂದಿನದ್ದೂ ಮುಂದಿನದ್ದೂ ಕಪ್ಪಾಗಿಯೇ ಕಾಣಬಹುದು. ಹಾಗಾಗಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಅವುಗಳಿಂದ ಹೇಳುವುದು ಕಷ್ಟ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯು, ಬಾಲ್ಯದಲ್ಲಿಯೇ ದಾಖಲಾಗಿದ್ದ ದೌರ್ಜನ್ಯ ಮತ್ತು ದೊಡ್ಡವರಾದ ಮೇಲೆ ನೆನಪಿನಿಂದ ಹೇಳಿದ ದೌರ್ಜನ್ಯ ಇವೆರಡನ್ನೂ ಹೋಲಿಸಿತು. ದಾಖಲೆಯಲ್ಲಿ ಇದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಮುಂದೆ ಅದನ್ನು ಹೇಳಲಿಲ್ಲ. ಹೇಳಿದವರ ಪೈಕಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ದಾಖಲೆಯಲ್ಲಿ ಇರಲಿಲ್ಲ. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ಇದಕ್ಕೆ ಅರ್ಥ ಕಟ್ಟಬಾರದು. ಬಹಳಷ್ಟು ದೌರ್ಜನ್ಯ ಯಾವ ದಾಖಲೆಗೂ ಸಿಗುವುದಿಲ್ಲ, ಮತ್ತು ದಾಖಲಾದದ್ದನ್ನು ಎಲ್ಲರೂ ದೌರ್ಜನ್ಯ ಎಂದು ಗ್ರಹಿಸಿರುವುದಿಲ್ಲ. ಆಂಡ್ರಿಯಾ ಡನೇಸೆ ಮತ್ತು ಕ್ಯಾಥಿ ವಿಡಮ್ 2020ರಲ್ಲಿ ತೋರಿಸಿದಂತೆ, ಮುಂದಿನ ಮಾನಸಿಕ ತೊಂದರೆಗಳೊಂದಿಗೆ ಹೆಚ್ಚು ಗಟ್ಟಿಯಾದ ನಂಟು ಇರುವುದು ವ್ಯಕ್ತಿ ತನಗೆ ಏನಾಯಿತೆಂದು ತಾನೇ ಹೇಳುವ ವಿವರಕ್ಕೆ. ನ್ಯಾಯಾಲಯದ ಕಡತಕ್ಕೆ ಅಷ್ಟಿಲ್ಲ.

ಮೇಡಂ, ನಿಮ್ಮ ತರಗತಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಒಬ್ಬರ ಕಡತ ಓದಿ ಅವರಲ್ಲಿ ಎಷ್ಟು ಭರವಸೆ ಉಳಿದಿರಬಹುದು ಎಂದು ಊಹಿಸಲು ಬರುವುದಿಲ್ಲ. ನಿಮ್ಮ ಆ ಇಬ್ಬರೂ ಇದಕ್ಕೆ ಉದಾಹರಣೆಯೇ.

ದೀರ್ಘಕಾಲ ಬೆನ್ನುಹತ್ತಿದ ಅಧ್ಯಯನಗಳಲ್ಲಿ ನನಗೆ ಮುಖ್ಯವೆನಿಸುವುದು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಅವರದ್ದು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರು ನಡುವಯಸ್ಸಿನವರೆಗೂ ಗಮನಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಮಾನಸಿಕ ಕಾಯಿಲೆ ಹೀಗೆ ಹಲವು ಹೊರೆಗಳನ್ನು ಒಟ್ಟಿಗೆ ಹೊತ್ತ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಗಟ್ಟಿಯಾಗಿ, ಇನ್ನೊಬ್ಬರ ಬಗ್ಗೆ ಕಾಳಜಿ ಇರುವವರಾಗಿ ಬೆಳೆದರು. ಎಲ್ಲರೂ ಉಲ್ಲೇಖಿಸುವುದು ಈ ಭಾಗವನ್ನು. ಅಷ್ಟಾಗಿ ಉಲ್ಲೇಖವಾಗದ ಭಾಗವೇ ನಿಮಗೆ ಹೆಚ್ಚು ಉಪಯುಕ್ತ: ಹದಿಹರೆಯದಲ್ಲಿ ತೀರಾ ಹಳಿ ತಪ್ಪಿದ್ದವರಲ್ಲೂ ಬಹುಪಾಲು ಜನ ಮೂವತ್ತು, ನಲವತ್ತರ ವಯಸ್ಸಿಗೆ ಬರುವಷ್ಟರಲ್ಲಿ ಸುಧಾರಿಸಿಕೊಂಡಿದ್ದರು. ಅವರಿಗೆ ತಿರುವು ಕೊಟ್ಟದ್ದು ಮುಂದುವರಿದ ಓದು, ಒಂದು ಸ್ಥಿರವಾದ ಉದ್ಯೋಗ, ನೆಚ್ಚಬಹುದಾದ ಸಂಗಾತಿ ಮುಂತಾದ ಹೊಸ ಅವಕಾಶಗಳು. ಹದಿನೇಳರ ನಿರಾಶೆ ಮೂವತ್ತೇಳರ ಭವಿಷ್ಯವನ್ನು ಹೇಳಲಾರದು.

ಉತ್ತರ 3: ಹಿಂದಿನ ಬೆಂಚು

ನಾನು ಪರಿಣತನಲ್ಲ. ಇಂಥದ್ದೇ ಬಾಲ್ಯವನ್ನು ಕಳೆದು, ಇಂಥದ್ದೇ ಒಂದು ಸಂಸ್ಥೆಯಲ್ಲಿ ಬೆಳೆದವನು. ವಿವರ ಬೇಡ. ಮೇಲಿನ ಇಬ್ಬರೂ ಹೊರಗಿನಿಂದ ನೋಡಿ ಹೇಳಿದ್ದನ್ನು ಒಳಗಿನಿಂದ ಸ್ವಲ್ಪ ಹೇಳುತ್ತೇನೆ.

ನಾವಿದ್ದಲ್ಲಿಗೂ ಪ್ರೇರಣೆ ಕೊಡುವವರು ಬರುತ್ತಿದ್ದರು. ಕಷ್ಟಗಳೇ ನಮ್ಮನ್ನು ಗಟ್ಟಿ ಮಾಡುತ್ತವೆ ಎನ್ನುತ್ತಿದ್ದರು. ನಮಗೆ ಆದದ್ದರಿಂದ ಏನೋ ಲಾಭವಾಗಿದೆ ಎಂಬಂತೆ ಕೇಳಿಸುತ್ತಿತ್ತು. ಕೊನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಹತ್ತು ವರ್ಷದ ನಂತರದ ತಮ್ಮನ್ನು ಕಲ್ಪಿಸಿಕೊಳ್ಳಬೇಕು, ಒಬ್ಬೊಬ್ಬರಾಗಿ ಎದ್ದು ಹೇಳಬೇಕು. ಕಣ್ಣು ಮುಚ್ಚಿದರೆ ನನಗೆ ಏನೂ ಕಾಣುತ್ತಿರಲಿಲ್ಲ. ಪಕ್ಕದವನು ಎಂಜಿನಿಯರ್ ಎಂದರೆ ನಾನೂ ಎಂಜಿನಿಯರ್ ಎನ್ನುತ್ತಿದ್ದೆ, ಚಪ್ಪಾಳೆ ಬೀಳುತ್ತಿತ್ತು. ಆ ಚಪ್ಪಾಳೆಯಿಂದ ನಾನು ಕಲಿತದ್ದು, ಇಲ್ಲಿಯೂ ದೊಡ್ಡವರಿಗೆ ಬೇಕಾದದ್ದನ್ನು ಹೇಳಿದರೆ ಬೇಗ ಬಿಡುಗಡೆಯಾಗುತ್ತದೆ ಎಂಬುದನ್ನು. ನಿಮ್ಮ ಆ ಹುಡುಗಿಯ ಮಾತನ್ನು ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ, ಆದರೆ ಅವಳು ನಾನಲ್ಲ.

ಭರವಸೆ ಇಟ್ಟುಕೊಳ್ಳುವುದು ನಮ್ಮಂಥವರಿಗೆ ಪುಕ್ಕಟೆಯಲ್ಲ. ಇಟ್ಟುಕೊಂಡು ಅದು ಸುಳ್ಳಾದಾಗ ಆಗುವ ಅವಮಾನ, ಇಟ್ಟುಕೊಳ್ಳದೆ ಇದ್ದಾಗಿನ ಖಾಲಿತನಕ್ಕಿಂತ ದೊಡ್ಡದು. ಅಪ್ಪ ಈ ಸಲ ಖಂಡಿತ ಕುಡಿಯದೆ ಬರುತ್ತಾನೆಂದು ನಂಬಿ ತಮ್ಮನಿಗೂ ಹಾಗೆಯೇ ಹೇಳಿ, ಆಮೇಲೆ ಅವನ ಮುಖ ನೋಡಬೇಕಾಗಿ ಬಂದವರಿಗೆ ಇದು ಅರ್ಥವಾಗುತ್ತದೆ. ಆದ್ದರಿಂದ ಆ ಹುಡುಗ ಪೆನ್ನು ಕೆಳಗಿಟ್ಟರೆ ಅವನಲ್ಲಿ ಆಸೆಯೇ ಇಲ್ಲ ಎಂದುಕೊಳ್ಳಬೇಡಿ. ಆಸೆ ಇಲ್ಲದವನು ಲೆಕ್ಕದಲ್ಲಿ ಚುರುಕಾಗಿರುವುದಿಲ್ಲ.

ನನ್ನಲ್ಲಿ ಏನಾದರೂ ಬದಲಾಗಿದ್ದರೆ ಅದು ಅಲ್ಲಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಒಬ್ಬರಿಂದ. ಅವರು ನನ್ನ ಭವಿಷ್ಯದ ಬಗ್ಗೆ ಒಂದು ಮಾತೂ ಆಡಿದವರಲ್ಲ. ಒಂದು ಪುಸ್ತಕ ಕೇಳಿದರೆ ಗುರುವಾರ ತರಿಸುತ್ತೇನೆ ಎನ್ನುತ್ತಿದ್ದರು. ಗುರುವಾರ ಅದು ಮೇಜಿನ ಮೇಲೆ ಇರುತ್ತಿತ್ತು, ನನ್ನ ಹೆಸರು ಬರೆದ ಚೀಟಿಯೊಂದಿಗೆ. ಒಮ್ಮೆ ಬರಲಿಲ್ಲ. ಆ ದಿನ ಅವರೇ ನಾನಿದ್ದಲ್ಲಿಗೆ ಬಂದು, ಬಂದಿಲ್ಲ, ಕಾರಣ ಇದು, ಸೋಮವಾರ ಬರುತ್ತದೆ ಎಂದು ಹೇಳಿ ಹೋದರು. ಮಾತು ತಪ್ಪಿದಾಗ ತಾನಾಗಿ ಬಂದು ಹೇಳುವ ದೊಡ್ಡವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸಂಜೆತರಗತಿ

ಮೂವರಿಗೂ ಕೃತಜ್ಞತೆಗಳು. ಹಿಂದಿನ ಬೆಂಚು ಅವರೇ, ನೀವು ಇದನ್ನು ಬರೆಯಲು ಮನಸ್ಸು ಮಾಡಿದ್ದಕ್ಕೆ ವಿಶೇಷವಾಗಿ.

ಕಣ್ಣು ಮುಚ್ಚಿ ಭವಿಷ್ಯ ಕಲ್ಪಿಸಿಕೊಳ್ಳುವ ಚಟುವಟಿಕೆ ನನಗೆ ಕೊಟ್ಟಿರುವ ಯೋಜನೆಯಲ್ಲೂ ಇದೆ. ಅದನ್ನು ತೆಗೆಸಬೇಕೆಂದು ತೀರ್ಮಾನಿಸಿದ್ದೇನೆ. ಆದರೆ ಅದರ ಜಾಗದಲ್ಲಿ ಏನು ಮಾಡಬೇಕು? ಸುಮ್ಮನೆ ಮಾತು ಉಳಿಸಿಕೊಳ್ಳಿ ಎಂದರೆ ಅದು ಕಾರ್ಯಕ್ರಮವಾಗುವುದಿಲ್ಲ ಎಂದು ಸಂಸ್ಥೆಯವರು ಹೇಳುತ್ತಾರೆ. ಇನ್ನೊಂದು ವಿಷಯ. ಪ್ರಶ್ನಾವಳಿಯ ಅಂಕಗಳು ಏರಿದ್ದನ್ನು ವರದಿಯಲ್ಲಿ ತೋರಿಸಬೇಕೆಂಬ ಒತ್ತಾಯವಿದೆ. ಇದರ ಬಗ್ಗೆಯೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 4: ನಿಧಾನಗತಿ

ಕಲ್ಪಿಸಿಕೊಳ್ಳುವ ಚಟುವಟಿಕೆಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ತನ್ನ ಅತ್ಯುತ್ತಮ ಭವಿಷ್ಯವನ್ನು ದಿನಕ್ಕೆ 20 ನಿಮಿಷದಂತೆ ನಾಲ್ಕು ದಿನ ಬರೆಯುವ ಅಭ್ಯಾಸವನ್ನು ಲಾರಾ ಕಿಂಗ್ 2001ರಲ್ಲಿ ಪರೀಕ್ಷಿಸಿದ್ದರು, ಬರೆದ ವಿದ್ಯಾರ್ಥಿಗಳಿಗೆ ಅದರಿಂದ ಒಳಿತಾಗಿತ್ತು. ಆದರೆ ಅವರು ಕಾಲೇಜು ವಿದ್ಯಾರ್ಥಿಗಳು, ಬರೆದದ್ದು ಖಾಸಗಿಯಾಗಿ. ಎಲ್ಲರೆದುರು ಎದ್ದು ಹೇಳಿಸುವುದು ಬೇರೆಯೇ ಸಂಗತಿ. ಮುಂದಿನ ಬದುಕು ಕಣ್ಣಿಗೆ ಕಾಣದೆ ಇರುವುದು ಆಘಾತದ ಗುರುತೂ ಆಗಿರಬಹುದು. ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ 1976ರಲ್ಲಿ ಶಾಲಾ ಬಸ್ಸಿನಿಂದ ಅಪಹರಣಕ್ಕೊಳಗಾಗಿ ಪಾರಾದ 26 ಮಕ್ಕಳಲ್ಲಿ ಬಹುತೇಕರನ್ನು ಅಧ್ಯಯನ ಮಾಡಿದ ಮನೋವೈದ್ಯೆ ಲೆನೋರ್ ಟೆರ್, ತಮಗೆ ದೀರ್ಘವಾದ ಬದುಕು ಇರಲಾರದೆಂಬ ಭಾವನೆ ಆ ಮಕ್ಕಳಲ್ಲಿ ಬೇರೂರಿದ್ದನ್ನು ದಾಖಲಿಸಿದರು. ಭವಿಷ್ಯ ಮೊಟಕಾದಂತೆ ಅನಿಸುವ ಈ ಭಾವನೆ 1994ರ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳಲ್ಲಿ ಒಂದಾಗಿತ್ತು. ಅಪರಿಚಿತರು ಮಾಡಿದ ಅಪಹರಣವೂ ಮನೆಯವರೇ ಮಾಡಿದ ದೌರ್ಜನ್ಯವೂ ಒಂದೇ ಅಲ್ಲವಾದರೂ, ಕಣ್ಣು ಮುಚ್ಚಿದಾಗ ಏನೂ ಕಾಣದವನಿಗೆ ಇನ್ನಷ್ಟು ಗಟ್ಟಿಯಾಗಿ ಕಣ್ಣು ಮುಚ್ಚು ಎನ್ನುವುದರಿಂದ ಫಲವಿಲ್ಲ.

ಅದರ ಬದಲಿಗೆ ದೂರವನ್ನು ಕಡಿಮೆ ಮಾಡಿ. ಹತ್ತು ವರ್ಷ ಬೇಡ, ಮುಂದಿನ ಶುಕ್ರವಾರ ಸಾಕು. ರಿಕ್ ಸ್ನೈಡರ್ ಅವರು ಭರವಸೆಯಲ್ಲಿ ಎರಡು ಅಂಶಗಳನ್ನು ಗುರುತಿಸಿದ್ದರು: ನಾನು ಇದನ್ನು ಮಾಡಬಲ್ಲೆ ಎಂಬ ಬಲ, ಮತ್ತು ಅಲ್ಲಿಗೆ ಹೋಗುವ ದಾರಿಗಳನ್ನು ಕಾಣುವ ಶಕ್ತಿ. ದೌರ್ಜನ್ಯ ಕಂಡವರಲ್ಲಿ ಬಹಳ ಮಂದಿಗೆ ಎರಡನೆಯದನ್ನು ಕಲಿಸುವುದು ಮೊದಲನೆಯದಕ್ಕಿಂತ ಸುಲಭವಾಗಬಹುದು, ಮತ್ತು ಅದು ನಿಮ್ಮ ಕೈಯಲ್ಲೇ ಇರುವ ವಿದ್ಯೆ. ಒಂದು ಲೆಕ್ಕವನ್ನು ಎರಡು ವಿಧಾನದಲ್ಲಿ ಬಿಡಿಸುವುದನ್ನು ಕಲಿಸುತ್ತೀರಲ್ಲ, ಅದೇ ಅಭ್ಯಾಸವನ್ನು ಅರ್ಜಿಗೂ ತನ್ನಿ. "ಏನಾಗಿರುತ್ತೋ" ಎಂದಾಗ, ಏನೇನು ಆಗಬಹುದು ಎಂದು ಅವನ ಜೊತೆಯಲ್ಲೇ ಪಟ್ಟಿ ಮಾಡಿ. ಶುಲ್ಕ ಕಟ್ಟಲಾಗದೆ ಹೋದರೆ? ಅಷ್ಟರಲ್ಲಿ ಬೇರೆ ಕಡೆಗೆ ಕಳುಹಿಸಿದರೆ? ಪ್ರತಿಯೊಂದಕ್ಕೂ ಒಂದು ಮರುದಾರಿ ಬರೆಯಿರಿ. ಕೆಟ್ಟದ್ದನ್ನು ಮೊದಲೇ ಎಣಿಸಿ ಅದಕ್ಕೆ ತಯಾರಾಗುವ ಈ ಸ್ವಭಾವವನ್ನು ಜೂಲಿ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ 1986ರಲ್ಲಿಯೇ ವಿವರಿಸಿದ್ದಾರೆ. ಆತಂಕ ಇರುವ ಕೆಲವರಿಗೆ ಅದು ಒಳ್ಳೆಯ ಆಸರೆ. ಅಂಥವರನ್ನು ಬಲವಂತದಿಂದ ಹುರುಪುಗೊಳಿಸಿದರೆ ಅವರ ಕೆಲಸವೇ ಕೆಡಬಹುದು. ಅವನ ಅನುಮಾನವನ್ನು ವಿರೋಧಿಸಬೇಡಿ, ಕೆಲಸಕ್ಕೆ ಹಚ್ಚಿ.

ಎರಡನೆಯದಾಗಿ, ಅವರಿಗೆ ನಿಜವಾದ ಆಯ್ಕೆಗಳಿರಲಿ. ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರ ತಮ್ಮ ಪ್ರಯೋಗಗಳಿಂದ, ತಪ್ಪಿಸಿಕೊಳ್ಳಲಾಗದ ನೋವನ್ನು ಉಂಡ ಪ್ರಾಣಿ ಅಸಹಾಯಕತೆಯನ್ನು ಕಲಿಯುತ್ತದೆ ಎಂದು ಹೇಳಿದ್ದು ಬಹಳ ಜನರಿಗೆ ಗೊತ್ತು. 2016ರಲ್ಲಿ ಅವರೇ ಆ ವಿವರಣೆಯನ್ನು ತಿರುಗಿಸಿ ಬರೆದದ್ದು ಅಷ್ಟಾಗಿ ಗೊತ್ತಿಲ್ಲ. ದೀರ್ಘಕಾಲದ ನೋವಿಗೆ ಕೈಚೆಲ್ಲಿ ಕೂರುವುದು ದೇಹದ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು ಹತೋಟಿಯ ಅನುಭವವನ್ನು ಎಂಬುದು ಅವರ ಹೊಸ ನಿಲುವು. ಅಂದರೆ ಆ ಹುಡುಗ ಏನನ್ನೋ ತಪ್ಪಾಗಿ ಕಲಿತಿದ್ದಾನೆ, ಅದನ್ನು ಅಳಿಸಬೇಕು ಎಂದು ಹೊರಡಬೇಕಾಗಿಲ್ಲ. ತಾನು ಮಾಡಿದ್ದರಿಂದ ಏನಾದರೂ ಬದಲಾಗುತ್ತದೆ ಎಂಬ ಅನುಭವ ಅವನಿಗೆ ಸಿಕ್ಕಿದರೆ ಸಾಕು. ತರಗತಿಯ ಸಮಯ, ಪಾಠದ ಕ್ರಮ, ಯಾರ ಪಕ್ಕ ಕೂರಬೇಕು ಎಂಬಂಥ ಸಣ್ಣ ವಿಷಯಗಳಲ್ಲಿ ಅವರು ಹೇಳಿದ್ದು ನಿಜವಾಗಿಯೂ ನಡೆಯಲಿ. ಕೇಳಿ ಆಮೇಲೆ ನಿಮ್ಮಿಷ್ಟದಂತೆಯೇ ಮಾಡುವುದಾದರೆ ಕೇಳಲೇಬೇಡಿ, ಅದು ಇನ್ನೂ ಕೆಟ್ಟದ್ದು.

ಸೋಲಿನ ಬಗ್ಗೆ ಮಾತಾಡುವ ಬಗೆಯನ್ನೂ ಗಮನಿಸಿ. ತಪ್ಪಾದಾಗ "ನಾನೇ ಸರಿಯಿಲ್ಲ, ಯಾವಾಗಲೂ ಹೀಗೇ, ಎಲ್ಲದರಲ್ಲೂ ಹೀಗೇ" ಎನ್ನುವವರನ್ನು "ನೀನು ತುಂಬಾ ಒಳ್ಳೆಯ ಹುಡುಗ" ಎಂದು ಸಮಾಧಾನಪಡಿಸುವುದು ಸಾಮಾನ್ಯ. ಮನೆಯಲ್ಲಿ ತಾನು ಪೆಟ್ಟು ತಿಂದದ್ದು ತನ್ನದೇ ತಪ್ಪಿನಿಂದ ಎಂದು ನಂಬಿ ಬೆಳೆದ ಮಗುವಿಗೆ ಆ ಹೊಗಳಿಕೆ ತಾಗುವುದಿಲ್ಲ. "ಮೂರನೆಯ ಹಂತದಲ್ಲಿ ಚಿಹ್ನೆ ಬದಲಿಸುವುದನ್ನು ಬಿಟ್ಟಿದ್ದೀಯ, ಉಳಿದದ್ದೆಲ್ಲ ಸರಿ" ಎಂಬ ಮಾತು ತಾಗುತ್ತದೆ, ಏಕೆಂದರೆ ಅದು ನಿರ್ದಿಷ್ಟ, ಪರಿಶೀಲಿಸಬಹುದಾದದ್ದು, ಸರಿಪಡಿಸಬಹುದಾದದ್ದು. ಆದರೆ ಒಂದು ಗೆರೆ ಸ್ಪಷ್ಟವಾಗಿರಲಿ. ಲೆಕ್ಕದ ತಪ್ಪಿಗೆ ಅವನ ಪ್ರಯತ್ನ ಕಾರಣವಾಗಿರಬಹುದು, ಅವನ ಮೇಲಾದ ದೌರ್ಜನ್ಯಕ್ಕೆ ಅವನು ಯಾವ ರೀತಿಯಲ್ಲೂ ಕಾರಣನಲ್ಲ.

ಕೊನೆಯದಾಗಿ, ಸಂಸ್ಥೆಯವರಿಗೆ ಬರವಣಿಗೆಯಲ್ಲೇ ತಿಳಿಸಿ. ಯಾರಾದರೂ ಬದುಕು ಬೇಡವೆಂಬ ಅರ್ಥದ ಮಾತಾಡಿದರೆ, ತಮ್ಮನ್ನು ಗಾಯ ಮಾಡಿಕೊಂಡರೆ, ನಿದ್ದೆ ಊಟ ಬಿಟ್ಟರೆ, ಅದು ಶಿಕ್ಷಕರು ಆಶಾವಾದ ಕಲಿಸಿ ನಿಭಾಯಿಸುವ ವಿಷಯವಲ್ಲ. ಅದೇ ದಿನ ಮನೋವೈದ್ಯರ ಬಳಿಗೆ ಕರೆದೊಯ್ಯುವ ವ್ಯವಸ್ಥೆ ಇರಬೇಕು, ಮತ್ತು ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ಬಿಡಬಾರದು. ಹಾಗೆಯೇ ಹದಿನೆಂಟು ತುಂಬಿದ ಕೂಡಲೇ ಹೊರಗೆ ಹೋಗಬೇಕು ಎಂಬ ನಿಯಮ ಅಲ್ಲಿ ಇದ್ದರೆ, ಆ ಹುಡುಗನ ಚೀಲದ ಬಗ್ಗೆ ಮನೋವಿಜ್ಞಾನ ಹುಡುಕುವ ಮೊದಲು ಆ ದಿನಾಂಕದ ಬಗ್ಗೆ ಅವನಿಗೆ ಯಾರಾದರೂ ಸರಿಯಾದ ಮಾಹಿತಿ ಕೊಟ್ಟಿದ್ದಾರೆಯೇ ಎಂದು ವಿಚಾರಿಸಿ.

ಉತ್ತರ 5: ಅಂಕಿಸಾಲು

ಪ್ರಶ್ನಾವಳಿಯ ಬಗ್ಗೆ ಮಾತ್ರ ಹೇಳುತ್ತೇನೆ. ನಿಮಗೆ ಕೊಟ್ಟಿರುವುದು ಬಹುಶಃ ಶಯರ್ ಮತ್ತು ಕಾರ್ವರ್ ಅವರ ಪ್ರಶ್ನಾವಳಿಯ 1994ರ ಪರಿಷ್ಕೃತ ರೂಪ; ಅದೇ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಹತ್ತು ಹೇಳಿಕೆಗಳಿದ್ದು, ನಾಲ್ಕು ಕೇವಲ ತುಂಬುವಿಕೆಗೆ. ಅಂಕ ಸಿಗುವುದು ಆರಕ್ಕೆ ಮಾತ್ರ. ಮೂರು ಹೇಳಿಕೆಗಳು ಆಶಾವಾದದ ಕಡೆಗೆ, ಮೂರು ನಿರಾಶಾವಾದದ ಕಡೆಗೆ. ನಿರಾಶಾವಾದದ ಮೂರನ್ನು ತಿರುಗಿಸಿ (ಹೆಚ್ಚು ಒಪ್ಪಿದಷ್ಟೂ ಕಡಿಮೆ ಅಂಕ ಬರುವಂತೆ) ಕೂಡಿದರೆ ಒಟ್ಟು 0ಯಿಂದ 24ರ ನಡುವೆ ಬರುತ್ತದೆ.

ಒಟ್ಟು ಅಂಕವನ್ನು ಮಾತ್ರ ನೋಡಬೇಡಿ, ಮೂರು ಮೂರು ಹೇಳಿಕೆಗಳ ಆ ಎರಡು ಗುಂಪುಗಳನ್ನು ಬೇರೆ ಬೇರೆಯಾಗಿಯೂ ನೋಡಿ. ಇವೆರಡೂ ಒಂದೇ ಅಳತೆಯ ಎರಡು ತುದಿಗಳೋ ಅಥವಾ ಭಾಗಶಃ ಸ್ವತಂತ್ರವೋ ಎಂಬ ಚರ್ಚೆ ಇನ್ನೂ ನಡೆದಿದೆ. ಒಳ್ಳೆಯದನ್ನು ಹೆಚ್ಚು ನಿರೀಕ್ಷಿಸದೆ ಇದ್ದರೂ, ಕೆಟ್ಟದ್ದೇ ಆಗುತ್ತದೆಂಬ ಎಣಿಕೆ ಮೊದಲು ಸಡಿಲವಾಗುವುದು ಸಾಧ್ಯ. ಒಟ್ಟು ಅಂಕ ಒಂದೆರಡು ಮಾತ್ರ ಏರಿದಾಗ ಆ ಬದಲಾವಣೆ ನಿಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ.

ವರದಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ. ಈ ಪ್ರಶ್ನಾವಳಿ ನೂರಾರು ಜನರ ಗುಂಪುಗಳನ್ನು ಹೋಲಿಸಲು ರೂಪುಗೊಂಡದ್ದು, ಹೆಚ್ಚು ಕಡಿಮೆ ಸ್ಥಿರವಾಗಿ ಇರುವ ಸ್ವಭಾವವನ್ನು ಅಳೆಯಲು. ಒಂದು ತರಗತಿಯ ಮಟ್ಟದಲ್ಲಿ ಕೆಲವು ವಾರಗಳ ಅಂತರದಲ್ಲಿ ಎರಡು ಬಾರಿ ಕೊಟ್ಟು ಏರಿಕೆಯನ್ನು ತೋರಿಸುವುದು ಅದರ ಕೆಲಸವಲ್ಲ. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಏರಿಕೆಗೆ ಕಾರಣ ಕಾರ್ಯಕ್ರಮವೇ, ಪರೀಕ್ಷೆ ಮುಗಿದ ನಿರಾಳವೇ ಎಂದು ಹೇಳಲಾಗದು. ಅದಕ್ಕಿಂತ ಹೆಚ್ಚಾಗಿ, ಅಂಕ ಏರಬೇಕೆಂದು ದೊಡ್ಡವರು ಬಯಸುತ್ತಿದ್ದಾರೆ ಎಂಬುದನ್ನು ಈ ಯುವಜನರು ಹಾಳೆ ಕೈಗೆ ಬರುವ ಮೊದಲೇ ಗ್ರಹಿಸುತ್ತಾರೆ, ಮೇಲೆ ಹಿಂದಿನ ಬೆಂಚು ಅವರು ಎಂಜಿನಿಯರ್ ಎಂದು ಹೇಳಿದಂತೆ.

ಕೊಡಲೇಬೇಕಾದರೆ ಹೆಸರಿಲ್ಲದೆ ತುಂಬಿಸಿ, ತುಂಬದೆ ಇರುವ ಹಕ್ಕನ್ನು ಮೊದಲೇ ಹೇಳಿ, ಒಬ್ಬೊಬ್ಬರ ಅಂಕ ಯಾರ ಕಡತಕ್ಕೂ ಹೋಗುವುದಿಲ್ಲ ಎಂಬುದನ್ನು ಸಂಸ್ಥೆಯವರಿಂದ ಲಿಖಿತವಾಗಿ ಪಡೆಯಿರಿ. ವರದಿಗೆ ಸಂಖ್ಯೆ ಬೇಕೇ ಬೇಕೆಂದರೆ ಸುಲಭವಾಗಿ ಎಣಿಸಬಹುದಾದ ಬೇರೆ ಸಂಗತಿಗಳಿವೆ: ಈ ಅವಧಿಯಲ್ಲಿ ದೊಡ್ಡವರು ಯುವಜನರಿಗೆ ಕೊಟ್ಟ ಮಾತುಗಳು ಎಷ್ಟು, ಹೇಳಿದ ದಿನಕ್ಕೆ ನಡೆದದ್ದು ಎಷ್ಟು, ನಡೆಯದಿದ್ದಾಗ ಮೊದಲೇ ತಿಳಿಸಿದ್ದು ಎಷ್ಟು. ಆ ಪಟ್ಟಿಯನ್ನು ತುಂಬಬೇಕಾದವರು ಸಿಬ್ಬಂದಿ.